ಹಳೇ ಮರದ ಟ್ರಸ್ ಮೇಲೆ ಹೊಸ ಭಾರ ಹೇರುವ ಮೊದಲು ಏನೇನು ನೋಡಬೇಕು?

ಹಳೇ ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಬೇಕು, ಟ್ರಸ್ಸಿನ (ಚಾವಣಿ ಹೊರುವ ಮರದ ತ್ರಿಕೋನ ಚೌಕಟ್ಟಿನ) ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಿಸಬೇಕು, ಇಲ್ಲವೇ ಅಟ್ಟ ಮಾಡಿ ಸಾಮಾನು ಇಡಬೇಕು ಎಂಬ ಯೋಚನೆ ಬಂದಾಗ ಮೊದಲು ಕೇಳಿಬರುವ ಮಾತು, "ಹಳೇ ಕಾಲದ ಮರ, ಇಷ್ಟು ದಪ್ಪ ಇದೆ, ಏನೂ ಆಗಲ್ಲ" ಎನ್ನುವುದು. ಮರ ದಪ್ಪ ಇರುವುದು ನಿಜ. ಆದರೆ ಟ್ರಸ್ಸು ಮರದ ನಡುಭಾಗದಲ್ಲಿ ಮುರಿಯುವುದು ಅಪರೂಪ. ಒಂದು ಮರ ಇನ್ನೊಂದನ್ನು ಕಚ್ಚಿ ಹಿಡಿದ ಜೋಡಣೆಯಲ್ಲಿ, ಗೋಡೆಯೊಳಗೆ ಹುದುಗಿ ಕಣ್ಣಿಗೆ ಬೀಳದ ತುದಿಯಲ್ಲಿ ಅದು ಕೈಕೊಡುತ್ತದೆ. ಇಷ್ಟು ವರ್ಷ ನಿಂತಿದೆ ಎಂದರೆ ಇಷ್ಟು ವರ್ಷ ಇದ್ದ ಭಾರವನ್ನು ಹೊತ್ತಿದೆ ಎಂದಷ್ಟೇ ಅರ್ಥ. ಅದರ ಮೇಲೆ ಇನ್ನೆಷ್ಟು ತಡೆಯುತ್ತದೆ ಎಂಬುದನ್ನು ಹತ್ತಿ, ಕುಟ್ಟಿ, ಚುಚ್ಚಿ, ಅಳೆದು ತಿಳಿಯಬೇಕು.

ಈ ಲೇಖನದಲ್ಲಿರುವ ತಪಾಸಣೆಯನ್ನು ಮನೆಯವರು ಒಬ್ಬ ಒಳ್ಳೆಯ ಬಡಗಿಯ ಜೊತೆ ಸೇರಿ ಮಾಡಬಹುದು. ಕೊನೆಯ ಲೆಕ್ಕ ಮತ್ತು ಒಪ್ಪಿಗೆ ಮಾತ್ರ ಮರದ ಕಟ್ಟಡ ಬಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲಿರಬೇಕು.

ಹೊಸ ಭಾರವನ್ನು ಮೂರು ಪ್ರಶ್ನೆಗಳಲ್ಲಿ ಬರೆದುಕೊಳ್ಳಿ

ಎಷ್ಟು, ಎಲ್ಲಿ, ಎಷ್ಟು ಕಾಲ. ಮೂರಕ್ಕೂ ಉತ್ತರ ಬರೆಯುವವರೆಗೆ ಏಣಿ ಎತ್ತುವುದು ಬೇಡ.

ಎಷ್ಟು ಎಂಬುದಕ್ಕೆ ಅಂದಾಜು ಅಂಕಿಗಳು ಹೀಗಿವೆ. ಸೋಲಾರ್ ಪ್ಯಾನೆಲ್, ಅದರ ರೈಲು, ಕ್ಲ್ಯಾಂಪು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 15 ಕೆಜಿ. ಒಂದು ಪದರ ಜಿಪ್ಸಮ್ ಬೋರ್ಡಿನ ಸೀಲಿಂಗ್ ಚೌಕಟ್ಟು ಸಮೇತ 12ರಿಂದ 15 ಕೆಜಿ. ಸುಟ್ಟ ಮಣ್ಣಿನ ಹೆಂಚು 40ರಿಂದ 60 ಕೆಜಿ, ಮಳೆಯಲ್ಲಿ ನೀರು ಕುಡಿದಾಗ ಅದರ ಮೇಲೆ ಇನ್ನೊಂದು ಹತ್ತು ಪ್ರತಿಶತ. ಅಟ್ಟ ಎಂದರೆ ಜನ ಓಡಾಡುವ ಜಾಗ, ಅದಕ್ಕೆ ಚದರ ಮೀಟರಿಗೆ 150ರಿಂದ 200 ಕೆಜಿ ಹಿಡಿಯಲೇಬೇಕು. ಸೋಲಾರಿಗೂ ಅಟ್ಟಕ್ಕೂ ಹತ್ತು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಅಂತರವಿದೆ ಎಂಬುದನ್ನು ಗಮನಿಸಿ. ಸೋಲಾರಿಗೆ ಸರಿ ಎನಿಸಿಕೊಂಡ ಟ್ರಸ್ಸು ಅಟ್ಟಕ್ಕೂ ಆದೀತು ಎಂದುಕೊಳ್ಳುವ ಹಾಗಿಲ್ಲ. ಸಾವಿರ ಲೀಟರಿನ ನೀರಿನ ಟ್ಯಾಂಕ್ ಎಂದರೆ ಒಂದು ಟನ್ ತೂಕ ಒಂದೇ ಕಡೆ ಕೂತಂತೆ. ಅದನ್ನು ಹಳೇ ಟ್ರಸ್ಸಿನ ಮೇಲೆ ಇಡುವ ವಿಚಾರವನ್ನೇ ಬಿಡಿ, ಗೋಡೆಯ ಮೇಲೋ ನೆಲದಿಂದ ಎದ್ದ ಸ್ಟ್ಯಾಂಡಿನ ಮೇಲೋ ಇಡಿ.

ಎಲ್ಲಿ ಎಂಬುದು ತೂಕದಷ್ಟೇ ಮುಖ್ಯ. ಮರಗಳು ಸೇರುವ ಗಂಟಿನ ಮೇಲೆ ಬಿದ್ದ ಭಾರವನ್ನು ಟ್ರಸ್ಸು ಸಲೀಸಾಗಿ ಹೊರುತ್ತದೆ. ಎರಡು ಗಂಟುಗಳ ನಡುವೆ ಬಿದ್ದ ಭಾರ ಅದೇ ಮರವನ್ನು ಬಾಗಿಸುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದೇ ಇಲ್ಲ: ಪ್ಯಾನೆಲ್‌ಗಳನ್ನು ಬಿಸಿಲು ಬೀಳುವ ಒಂದೇ ಇಳಿಜಾರಿಗೆ ಹಾಕುತ್ತಾರೆ. ಅಂದರೆ ಭಾರ ಒಂದು ಕಡೆಗೆ ವಾಲುತ್ತದೆ. ಕೆಲವು ಬಗೆಯ ಟ್ರಸ್ಸುಗಳಿಗೆ ಇದು ಒಟ್ಟು ತೂಕಕ್ಕಿಂತ ದೊಡ್ಡ ತೊಂದರೆ. ಅದಕ್ಕೆ ಮುಂದೆ ಬರೋಣ.

ಎಷ್ಟು ಕಾಲ ಎಂಬ ಪ್ರಶ್ನೆ ಮರಕ್ಕೇ ವಿಶೇಷವಾದದ್ದು. ಕೆಲವು ಕ್ಷಣ ಬೀಸುವ ಗಾಳಿಯ ಒತ್ತಡವನ್ನು ತಡೆಯುವ ಮರ, ಅಷ್ಟೇ ಭಾರ ವರ್ಷಗಟ್ಟಲೆ ಕೂತರೆ ತಡೆಯದು. ಪ್ರಯೋಗಶಾಲೆಯಲ್ಲಿ ಕೆಲವೇ ನಿಮಿಷಗಳ ಪರೀಕ್ಷೆಯಲ್ಲಿ ಸಿಗುವ ಬಲದ ಸುಮಾರು 60 ಪ್ರತಿಶತವನ್ನು ಮಾತ್ರ ಶಾಶ್ವತ ಭಾರಕ್ಕೆ ನಂಬುವುದು ವಾಡಿಕೆ. ಬಾಗುವಿಕೆಯೂ ಹಾಗೆಯೇ: ಭಾರ ಹೇರಿದ ದಿನ 5 ಮಿಮೀ ಬಾಗಿದ್ದು ಕೆಲವು ವರ್ಷಗಳಲ್ಲಿ 10 ಮಿಮೀ ಮುಟ್ಟಬಹುದು. ಪ್ಯಾನೆಲ್, ಸೀಲಿಂಗ್ ಎರಡೂ ಶಾಶ್ವತ ಭಾರಗಳೇ.

ಯಾವ ಮರ ಎಳೆಯುತ್ತಿದೆ, ಯಾವುದು ಒತ್ತುತ್ತಿದೆ

ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ನಡುವೆ ಒಂದೇ ಕಂಬ ಇರುವುದು ಕಿಂಗ್ ಪೋಸ್ಟ್ ಟ್ರಸ್, ಎರಡು ಕಂಬ ಇರುವುದು ಕ್ವೀನ್ ಪೋಸ್ಟ್ ಟ್ರಸ್. ಎರಡರಲ್ಲೂ ಗೋಡೆಯಿಂದ ಗೋಡೆಗೆ ಹಾದ ಅಡ್ಡತೊಲೆ ಇರುತ್ತದೆ, ಅದರ ಎರಡು ತುದಿಗಳಿಂದ ಮೇಲೇಳುವ ಮುಖ್ಯ ರಾಫ್ಟರ್‌ಗಳಿರುತ್ತವೆ. ರಾಫ್ಟರ್ ಮೇಲೆ ಟ್ರಸ್ಸಿನಿಂದ ಟ್ರಸ್ಸಿಗೆ ಹಾಯುವ ಪರ್ಲಿನ್, ಅದರ ಮೇಲೆ ಸಣ್ಣ ರಾಫ್ಟರ್, ಅದರ ಮೇಲೆ ರೀಪು, ಕೊನೆಗೆ ಹೆಂಚು ಅಥವಾ ಶೀಟು.

ಮುಖ್ಯ ರಾಫ್ಟರ್‌ಗಳು ಒತ್ತಡದಲ್ಲಿರುತ್ತವೆ. ಅವುಗಳ ಕಾಲು ಹೊರಕ್ಕೆ ಜಾರದಂತೆ ಅಡ್ಡತೊಲೆ ಎಳೆದು ಹಿಡಿಯುತ್ತದೆ. ನಡುವಿನ ಕಿಂಗ್ ಪೋಸ್ಟನ್ನು ನೋಡಿದವರು ಅದು ಅಡ್ಡತೊಲೆಯ ಮೇಲೆ ನಿಂತ ಕಂಬ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ನೆತ್ತಿಯಿಂದ ತೂಗುಬಿದ್ದಿದೆ. ಅಡ್ಡತೊಲೆಯ ನಡುವನ್ನು ಮೇಲಕ್ಕೆ ಎಳೆದು ಹಿಡಿಯುವುದು, ಓರೆಯಾಗಿ ಬರುವ ಸ್ಟ್ರಟ್‌ಗಳ ಕಾಲಿಗೆ ಆಸರೆ ಕೊಡುವುದು ಅದರ ಕೆಲಸ. ಇದು ಅರ್ಥವಾಗದೆ ಅಡ್ಡತೊಲೆಯ ನಡುವಿಗೆ ಕೆಳಗಿಂದ ಗೋಡೆಯನ್ನೋ ಕಂಬವನ್ನೋ ಬಿಗಿಯಾಗಿ ಕೊಟ್ಟರೆ ಬಲಗಳ ದಿಕ್ಕೇ ತಿರುಗುತ್ತದೆ. ಎಳೆತಕ್ಕೆ ಮಾಡಿದ ಜೋಡಣೆಗೆ ಒತ್ತಡ ಬರುತ್ತದೆ, ಒತ್ತಡಕ್ಕೆ ಮಾಡಿದ ಜೋಡಣೆ ಸಡಿಲವಾಗುತ್ತದೆ.

ಕ್ವೀನ್ ಪೋಸ್ಟ್ ಟ್ರಸ್ಸಿನ ನಡುವಿನ ಚೌಕದಲ್ಲಿ ಓರೆ ಮರ ಇರುವುದಿಲ್ಲ. ಎರಡು ಇಳಿಜಾರಿಗೂ ಸಮನಾಗಿ ಭಾರ ಬಿದ್ದಾಗ ತೊಂದರೆಯಿಲ್ಲ. ಒಂದೇ ಕಡೆ ಬಿದ್ದರೆ ಆ ಚೌಕ ಓರೆಯಾಗಲು ನೋಡುತ್ತದೆ, ಅದನ್ನು ತಡೆಯುವ ಕೆಲಸ ಅಡ್ಡತೊಲೆಯ ಬಾಗುಬಲದ ಮೇಲೆ ಬೀಳುತ್ತದೆ. ಒಂದೇ ಕಡೆ ಪ್ಯಾನೆಲ್ ಹಾಕುವವರು ಇಲ್ಲಿ ಎಚ್ಚರ ವಹಿಸಬೇಕು. ಹೆಂಚು ಬದಲಾಯಿಸುವಾಗ ಒಂದು ಇಳಿಜಾರನ್ನು ಪೂರ್ತಿ ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟರೂ ಇದೇ ಪರಿಸ್ಥಿತಿ. ಎರಡೂ ಕಡೆಯಿಂದ ಸಾಲು ಸಾಲಾಗಿ ಬಿಚ್ಚಿಕೊಂಡು ಬರಬೇಕು.

ಹತ್ತುವ ಸಿದ್ಧತೆ

ಬೇಕಾಗುವ ಸಾಮಾನು: ತಲೆಗೆ ಕಟ್ಟುವ ಟಾರ್ಚ್, ಉಕ್ಕಿನ ದಬ್ಬಣ, ಸಣ್ಣ ಸುತ್ತಿಗೆ, 6 ಮಿಮೀ ಬಿಟ್ ಹಾಕಿದ ಡ್ರಿಲ್, ಟೇಪು, ನೈಲಾನ್ ದಾರ ಅಥವಾ ಲೇಸರ್ ಲೆವೆಲ್, ತೂಗುಗುಂಡು, ಸೀಮೆಸುಣ್ಣ, ತೇವಮಾಪಕ, ಮೊಬೈಲ್ ಕ್ಯಾಮೆರಾ. ಧೂಳು ಮತ್ತು ಬಾವಲಿ, ಪಾರಿವಾಳದ ಹಿಕ್ಕೆ ಶ್ವಾಸಕೋಶಕ್ಕೆ ಅಪಾಯ, ಒಳ್ಳೆಯ ಮಾಸ್ಕ್ ಹಾಕಿಯೇ ಹತ್ತಿ. ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರಬಹುದು, ಅದನ್ನು ಒಡೆಯಬೇಡಿ, ಕೊರೆಯಬೇಡಿ, ಅದರ ಮೇಲೆ ಕಾಲಿಡಲೇಬೇಡಿ. ಚಾವಣಿಯೊಳಗಿನ ಹಳೇ ವೈರಿಂಗ್‌ಗೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ನಿಲ್ಲಲು ಎರಡು ಮರಗಳ ಮೇಲೆ ಹಾಯುವ ಹಲಗೆ ಇರಲಿ, ಸೀಲಿಂಗಿನ ಮೇಲೆ ಕಾಲಿಟ್ಟರೆ ಕೆಳಗಿನ ಕೋಣೆಗೆ ಇಳಿಯುತ್ತೀರಿ.

ಅಳತೆ, ನಕ್ಷೆ, ಗುರುತು

ಪ್ರತಿ ಟ್ರಸ್ಸಿಗೂ ಒಂದು ಸಂಖ್ಯೆ ಕೊಟ್ಟು ಸೀಮೆಸುಣ್ಣದಲ್ಲಿ ಬರೆಯಿರಿ. ಒಂದು ಟ್ರಸ್ಸಿನ ಪೂರ್ತಿ ಚಿತ್ರ ಬರೆದು ಪ್ರತಿ ಮರದ ಅಗಲ, ಎತ್ತರ, ಉದ್ದ ತುಂಬಿ. ಉಳಿದವನ್ನು ಅದಕ್ಕೆ ಹೋಲಿಸಿ. ಎಲ್ಲ ಟ್ರಸ್ಸೂ ಒಂದೇ ಅಳತೆ ಎಂದುಕೊಳ್ಳಬೇಡಿ, ಹಳೇ ಕೆಲಸದಲ್ಲಿ ಕೈಗೆ ಸಿಕ್ಕ ಮರ ಹಾಕಿರುವುದುಂಟು. ಟ್ರಸ್ಸುಗಳ ನಡುವಿನ ಅಂತರ, ಇಳಿಜಾರಿನ ಕೋನ, ಈಗಿರುವ ಹೊದಿಕೆಯ ತೂಕ ಇವನ್ನೂ ಬರೆಯಿರಿ. ಹೆಂಚಿನ ತೂಕವನ್ನು ಊಹಿಸುವ ಬದಲು ಹತ್ತು ಹೆಂಚು ಇಳಿಸಿ ತೂಕ ಹಾಕಿ, ಒಂದು ಚದರ ಮೀಟರಿಗೆ ಎಷ್ಟು ಹೆಂಚು ಹಿಡಿಯುತ್ತದೆ ಎಂದು ಎಣಿಸಿ.

ಆಮೇಲೆ ಬಾಗುವಿಕೆ. ಅಡ್ಡತೊಲೆಯ ಎರಡು ತುದಿಗೂ ದಾರ ಬಿಗಿದು ನಡುವೆ ಎಷ್ಟು ಇಳಿದಿದೆ ನೋಡಿ. ಬಾಗಿದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಹಸಿಮರದಲ್ಲಿ ಕಟ್ಟಿದ ಚಾವಣಿಗಳು ಮೊದಲ ಕೆಲವು ವರ್ಷಗಳಲ್ಲೇ ಸಾಕಷ್ಟು ಇಳಿದು ಆಮೇಲೆ ಹಾಗೇ ನಿಂತುಬಿಡುತ್ತವೆ. 8 ಮೀಟರ್ ಉದ್ದಕ್ಕೆ 20 ಮಿಮೀ ಇಳಿದಿದ್ದರೆ ಅದು ಉದ್ದದ 400ನೇ ಒಂದು ಭಾಗ, ಅದರಷ್ಟಕ್ಕೆ ದೊಡ್ಡದಲ್ಲ. ಆದರೆ ಆರು ಟ್ರಸ್ಸುಗಳಲ್ಲಿ ಐದು 20 ಮಿಮೀ ಇಳಿದು ಒಂದು ಮಾತ್ರ 45 ಮಿಮೀ ಇಳಿದಿದ್ದರೆ ಆ ಒಂದರಲ್ಲಿ ಏನೋ ಜಾರಿದೆ ಅಥವಾ ಕೊಳೆತಿದೆ. ಅಕ್ಕಪಕ್ಕದ ವ್ಯತ್ಯಾಸ ಒಟ್ಟು ಇಳಿತಕ್ಕಿಂತ ಹೆಚ್ಚು ಹೇಳುತ್ತದೆ.

ಗೋಡೆಗೂ ತೂಗುಗುಂಡು ಬಿಡಿ. ಟ್ರಸ್ಸಿನ ಕೆಳಗೆ ಗೋಡೆಯ ತಲೆ ಹೊರಕ್ಕೆ ವಾಲಿದ್ದರೆ, ರಾಫ್ಟರ್‌ನ ಕಾಲನ್ನು ಅಡ್ಡತೊಲೆ ಸರಿಯಾಗಿ ಹಿಡಿದಿಲ್ಲ, ಗೋಡೆಯನ್ನು ತಳ್ಳುತ್ತಿದೆ ಎಂದು ಅನುಮಾನಿಸಬೇಕು.

ಮರ ಗಟ್ಟಿಯಿದೆಯೇ?

ಮೊದಲು ತುದಿಗಳಿಗೆ ಹೋಗಿ. ಅಡ್ಡತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತದೆ, ಸೂರಿನ ಹತ್ತಿರ ಸೋರಿದ ನೀರು ಅಲ್ಲೇ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಗಾರೆ ಕೆತ್ತಿ ತುದಿಯನ್ನು ಕಣ್ಣಾರೆ ನೋಡುವುದು ಉತ್ತಮ. ಅದು ಆಗದಿದ್ದರೆ ಗೋಡೆಯ ಮುಖದಿಂದ ಒಳಕ್ಕೆ ಓರೆಯಾಗಿ ಡ್ರಿಲ್ ಮಾಡಿ ನೋಡಿ. ಎರಡು ಇಳಿಜಾರು ಸೇರುವ ಕಣಿವೆ ಗಟರ್ ಕೆಳಗಿನ ಮರ, ಚಿಮಣಿಯ ಸುತ್ತಲಿನ ಮರ, ಗಾಜಿನ ಹೆಂಚಿನ ಅಂಚು, ಈ ಜಾಗಗಳೂ ಇದೇ ಸಾಲಿಗೆ ಸೇರುತ್ತವೆ.

ಸುತ್ತಿಗೆಯಿಂದ ಒಂದೊಂದು ಅಡಿಗೂ ಕುಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಲಡ್ಡಾದ ಮರ ಬೊದ್ದು ಸದ್ದು ಕೊಡುತ್ತದೆ. ಅನುಮಾನ ಬಂದ ಕಡೆ ದಬ್ಬಣದ ಪರೀಕ್ಷೆ. ದಬ್ಬಣವನ್ನು ನಾರಿಗೆ ಅಡ್ಡಲಾಗಿ, ಓರೆಯಾಗಿ ಅರ್ಧ ಸೆಂಟಿಮೀಟರ್ ಚುಚ್ಚಿ ಮೇಲಕ್ಕೆ ಎಬ್ಬಿ. ಗಟ್ಟಿ ಮರದಲ್ಲಿ ಉದ್ದನೆಯ ಸಿಬಿರು ಚಟ್ಟೆಂದು ಎದ್ದು ಬರುತ್ತದೆ, ಅದರ ಒಂದು ತುದಿ ಮರಕ್ಕೇ ಅಂಟಿಕೊಂಡಿರುತ್ತದೆ. ಕೊಳೆಯಲು ಶುರುವಾದ ಮರದಲ್ಲಿ ಸದ್ದೇ ಇಲ್ಲದೆ ದಬ್ಬಣದ ಮೇಲೆಯೇ ತುಂಡು ಮುರಿಯುತ್ತದೆ, ಬಿಸ್ಕತ್ತು ಮುರಿದಂತೆ ಮೋಟಾಗಿ. ಹೊರಗಿನಿಂದ ಬಣ್ಣ ಚೆನ್ನಾಗಿದ್ದರೂ ಈ ಮೋಟು ಮುರಿತ ಕಂಡರೆ ನಂಬಬೇಡಿ. ಶಿಲೀಂಧ್ರ ಹಿಡಿದ ಮರದ ತೂಕ ಸ್ವಲ್ಪವೇ ಇಳಿದಿರುವಾಗಲೇ ಬಲ ಅರ್ಧಕ್ಕೆ ಬಂದಿರಬಹುದು. ಚೌಕ ಚೌಕವಾಗಿ ಅಡ್ಡಬಿರುಕು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಭಾಗದ ಬಲ ಸೊನ್ನೆ ಎಂದೇ ಲೆಕ್ಕ ಹಾಕಿ.

ತೇವಮಾಪಕ 20 ಪ್ರತಿಶತಕ್ಕಿಂತ ಕಡಿಮೆ ತೋರಿಸಿದರೆ ಕೊಳೆತ ಸದ್ಯ ಬೆಳೆಯುತ್ತಿಲ್ಲ. ಅದಕ್ಕಿಂತ ಮೇಲಿದ್ದರೆ ಸೋರುವ ಜಾಗ ಹುಡುಕಿ ಮೊದಲು ಅದನ್ನು ಸರಿಪಡಿಸಿ. ಸಾಮಾನ್ಯ ಮಾಪಕದ ಸೂಜಿ ಕೆಲವೇ ಮಿಲಿಮೀಟರ್ ಒಳಹೋಗುತ್ತದೆ. ಒಳಗಿನ ತೇವ ತಿಳಿಯಲು ಸುತ್ತಿಗೆಯಲ್ಲಿ ಹೊಡೆದು ಇಳಿಸುವ ಉದ್ದ ಸೂಜಿಯ ಮಾಪಕ ಬೇಕು. ಮಳೆಗಾಲದ ಓದು, ಬೇಸಿಗೆಯ ಓದು ಎರಡೂ ಸಿಕ್ಕರೆ ಒಳ್ಳೆಯದು.

ಕುಟ್ಟೆ ಹುಳು ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಚೇಗನ್ನು ಬಿಡುತ್ತದೆ. ತೂತು ಹಳೆಯದೋ ಹೊಸದೋ ತಿಳಿಯಲು ಆ ಭಾಗವನ್ನು ಚೆನ್ನಾಗಿ ಗುಡಿಸಿ, ತೆಳು ಕಾಗದ ಅಂಟಿಸಿ ಬಿಡಿ. ಕೆಲವು ತಿಂಗಳ ನಂತರ ಕಾಗದದಲ್ಲಿ ಹೊಸ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಜೀವಂತವಾಗಿದೆ. ಗೆದ್ದಲಿನದು ಬೇರೆ ರೀತಿ. ಹೊರಗೆ ಕಾಗದದಷ್ಟು ತೆಳು ಸಿಪ್ಪೆ ಬಿಟ್ಟು ಒಳಗೆಲ್ಲ ತಿಂದಿರುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡ ಟ್ರಸ್ಸನ್ನು ಪೂರ್ತಿ ಕುಟ್ಟಿ ನೋಡಬೇಕು.

ಹುಳು ತಿಂದ ಪದರ ತೆಳುವೇ ಇದ್ದರೂ ನಷ್ಟ ಎಷ್ಟು ಎಂಬುದು ಅಚ್ಚರಿ ಹುಟ್ಟಿಸುತ್ತದೆ. 75×150 ಮಿಮೀ ರಾಫ್ಟರ್‌ನ ನಾಲ್ಕೂ ಮುಖದಲ್ಲಿ 10 ಮಿಮೀ ಪುಡಿಯಾಗಿದೆ ಎನ್ನಿ. ಉಳಿದದ್ದು 55×130. ಅಡ್ಡಕೊಯ್ತದ ವಿಸ್ತೀರ್ಣ 64 ಪ್ರತಿಶತಕ್ಕೆ ಇಳಿಯಿತು, ಬಾಗುಬಲ 55 ಪ್ರತಿಶತಕ್ಕೆ, ಬಿಗುವು 48 ಪ್ರತಿಶತಕ್ಕೆ. ಅಂದರೆ ಅದೇ ಭಾರಕ್ಕೆ ಎರಡು ಪಟ್ಟು ಬಾಗುತ್ತದೆ. ಹಾಗಾಗಿ ನಕ್ಷೆಯಲ್ಲಿ ಟೇಪಿನ ಅಳತೆಯ ಪಕ್ಕದಲ್ಲೇ ಗಟ್ಟಿ ಮರದ ಅಳತೆಯನ್ನೂ ಬರೆಯಿರಿ. ಲೆಕ್ಕಕ್ಕೆ ಬರುವುದು ಎರಡನೆಯದು.

ಡ್ರಿಲ್ ಪರೀಕ್ಷೆಯಲ್ಲಿ ನಿಧಾನವಾಗಿ ಒತ್ತುತ್ತಾ ಹೊರಬರುವ ಸಿಪ್ಪೆ ನೋಡಿ. ಸುರುಳಿ ಸಿಪ್ಪೆ ಬಂದರೆ ಗಟ್ಟಿ, ಕಂದು ಪುಡಿ ಬಂದರೆ ಕೊಳೆತ, ಬಿಟ್ ಸಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು. ಅಡ್ಡತೊಲೆಯ ನಡುವಿನ ಕೆಳಮುಖದಲ್ಲಾಗಲಿ, ಜೋಡಣೆಯ ಕಚ್ಚಿನ ಪಕ್ಕದಲ್ಲಾಗಲಿ ತೂತು ಹಾಕಬೇಡಿ. ಹಾಕಿದ ತೂತಿಗೆ ಮರದ ಗೂಟ ಹೊಡೆದು ಮುಚ್ಚಿ. ಮುಖ್ಯ ಕಟ್ಟಡವಾಗಿದ್ದರೆ ಇಂಜಿನಿಯರ್ ರೆಸಿಸ್ಟೋಗ್ರಾಫ್ ತರಿಸಬಹುದು. ಅದರ ಸೂಜಿ ತುದಿಯಲ್ಲಿ 3 ಮಿಮೀ ಮಾತ್ರ ಅಗಲವಿದ್ದು, ಒಳಹೋದಂತೆ ಮರದ ಪ್ರತಿರೋಧವನ್ನು ಗ್ರಾಫ್ ಆಗಿ ಬರೆಯುತ್ತದೆ.

ಬಿರುಕುಗಳ ಬಗ್ಗೆ ಒಂದು ಮಾತು. ನಾರಿನ ಉದ್ದಕ್ಕೂ ಹೋಗುವ ಒಣಬಿರುಕು ಹಳೇ ಮರದಲ್ಲಿ ಇದ್ದೇ ಇರುತ್ತದೆ, ಅದು ಕಚ್ಚಿನ ಜಾಗಕ್ಕೆ ಬಾರದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಾರನ್ನು ಅಡ್ಡ ಕತ್ತರಿಸಿ ಹೋಗುವ ಬಿರುಕು, ಅದರಲ್ಲೂ ಕೆಳಮುಖದಲ್ಲಿ ಕೊಂಬೆಯ ಗಂಟಿನ ಹತ್ತಿರ ಶುರುವಾದದ್ದು, ಮರ ಆಗಲೇ ಮುರಿಯತೊಡಗಿದ ಗುರುತು. ಬಿರುಕಿನೊಳಗಿನ ಬಣ್ಣ ನೋಡಿ: ಒಳಗೆ ಧೂಳು, ಜೇಡರ ಬಲೆ ತುಂಬಿದ್ದರೆ ಹಳೆಯದು, ತಿಳಿ ಬಣ್ಣದ ತಾಜಾ ಮರ ಕಂಡರೆ ಇತ್ತೀಚಿನದು.

ಜೋಡಣೆ: ಇಡೀ ತಪಾಸಣೆಯ ಹೃದಯ

ರಾಫ್ಟರ್‌ನ ಕಾಲು ಅಡ್ಡತೊಲೆಯ ತುದಿಯಲ್ಲಿ ಕೊರೆದ ಕಚ್ಚಿನೊಳಗೆ ಕೂತಿರುತ್ತದೆ. ರಾಫ್ಟರ್ ಹೊರಕ್ಕೆ ತಳ್ಳುವ ಬಲವನ್ನು ತಡೆಯುವುದು ಕಚ್ಚಿನಿಂದ ತೊಲೆಯ ಕೊನೆಯವರೆಗೆ ಉಳಿದಿರುವ ಆ ಮರದ ತುಂಡು ಮಾತ್ರ. ಬಲ ಹೆಚ್ಚಾದರೆ ಅದು ನಾರಿನ ಉದ್ದಕ್ಕೂ ಚಕ್ಕೆಯಂತೆ ಕಳಚಿ ಹೊರಕ್ಕೆ ಜಾರುತ್ತದೆ. ಇದನ್ನೇ ಶಿಯರ್ ಎನ್ನುವುದು. ದುರದೃಷ್ಟಕ್ಕೆ ಮೊದಲು ನೆನೆಯುವ, ಮೊದಲು ಕೊಳೆಯುವ ತುಂಡೂ ಇದೇ.

ಒಂದು ಲೆಕ್ಕ ಮಾಡಿ ನೋಡೋಣ. ಕಿಂಗ್ ಪೋಸ್ಟ್ ಟ್ರಸ್, ಗೋಡೆಯಿಂದ ಗೋಡೆಗೆ 8 ಮೀಟರ್, ಟ್ರಸ್ಸುಗಳ ನಡುವೆ 3 ಮೀಟರ್, ಇಳಿಜಾರು 30 ಡಿಗ್ರಿ. ಹೆಂಚು, ರೀಪು, ಪರ್ಲಿನ್ ಸೇರಿ ಇಳಿಜಾರಿನ ಮೇಲೆ ಚದರ ಮೀಟರಿಗೆ 75 ಕೆಜಿ. ಅದನ್ನು ನೆಲದ ಅಳತೆಗೆ ತಂದರೆ ಸುಮಾರು 87, ಟ್ರಸ್ಸಿನ ಸ್ವಂತ ತೂಕ 13 ಸೇರಿಸಿ 100 ಕೆಜಿ. ಒಂದು ಟ್ರಸ್ಸಿನ ಪಾಲಿಗೆ 24 ಚದರ ಮೀಟರ್, ಒಟ್ಟು 2400 ಕೆಜಿ. ಪ್ರತಿ ಗೋಡೆಯ ಮೇಲೆ 1200. ಇದರಲ್ಲಿ 300 ಕೆಜಿ ನೇರವಾಗಿ ತುದಿಯ ಗಂಟಿಗೇ ಬೀಳುತ್ತದೆ, ಉಳಿದ 900 ಕೆಜಿ ರಾಫ್ಟರ್ ಮೂಲಕ ಇಳಿಯುತ್ತದೆ. ಆಗ ರಾಫ್ಟರ್‌ನಲ್ಲಿ 1800 ಕೆಜಿ ಒತ್ತಡ, ಅಡ್ಡತೊಲೆಯಲ್ಲಿ ಸುಮಾರು 1560 ಕೆಜಿ ಎಳೆತ.

ಅಡ್ಡತೊಲೆ 10×20 ಸೆಂಮೀ ಇದೆ ಎನ್ನಿ. ಎಳೆತ ಚದರ ಸೆಂಟಿಮೀಟರಿಗೆ 8 ಕೆಜಿಯೂ ಇಲ್ಲ. ಮರಕ್ಕೆ ಅದು ಏನೂ ಅಲ್ಲ, "ದಪ್ಪ ಇದೆ" ಎನ್ನುವವರ ಮಾತು ಇಲ್ಲಿ ಸರಿಯೇ. ಈಗ ಕಚ್ಚಿನ ಹಿಂದಿನ ತುಂಡಿಗೆ ಬನ್ನಿ. ಅದರ ಉದ್ದ 30 ಸೆಂಮೀ, ಅಗಲ 10. 1560 ಕೆಜಿಯನ್ನು 300ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 5.2 ಕೆಜಿ. ನಾರಿನ ಉದ್ದಕ್ಕೆ ಸುರಕ್ಷಿತವೆಂದು ಹಿಡಿಯುವ ಶಿಯರ್ ಹೆಚ್ಚಿನ ಕಟ್ಟಡದ ಮರಗಳಿಗೆ ಸುಮಾರು 6ರಿಂದ 12ರ ಒಳಗೇ ಇರುತ್ತದೆ. ಅಂದರೆ ಇಲ್ಲಿ ಈಗಾಗಲೇ ಹೆಚ್ಚು ಜಾಗವಿಲ್ಲ. ಒಂದು ಇಳಿಜಾರಿಗೆ ಪ್ಯಾನೆಲ್ ಹಾಕಿದರೆ ಆ ಕಡೆಯ ತುದಿಯಲ್ಲಿ ಎಳೆತ 1740 ಕೆಜಿ ಆಗಿ ಶಿಯರ್ 5.8ಕ್ಕೆ ಏರುತ್ತದೆ. ಕೊನೆಯ 15 ಸೆಂಮೀ ಕೊಳೆತಿದ್ದರೆ? ಇಂದೇ 10.4 ಇದೆ, ಪ್ಯಾನೆಲ್ ಬಂದ ಮೇಲೆ 11.6. ಗಾಳಿ, ಮೇಲೆ ಹತ್ತುವ ಜನ ಇವಿನ್ನೂ ಲೆಕ್ಕಕ್ಕೆ ಬಂದಿಲ್ಲ.

ಈ ತುಂಡು ಬಹಳ ಉದ್ದವಿದ್ದರೂ ಪೂರ್ತಿ ಉದ್ದ ಕೆಲಸಕ್ಕೆ ಬರುವುದಿಲ್ಲ. ಬಲ ಕಚ್ಚಿನ ಹತ್ತಿರವೇ ಹೆಚ್ಚಾಗಿರುವುದರಿಂದ ಕಚ್ಚಿನ ಆಳದ ಎಂಟು ಪಟ್ಟಿಗಿಂತ ಹೆಚ್ಚಿನ ಉದ್ದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಚ್ಚು 4 ಸೆಂಮೀ ಆಳವಿದ್ದರೆ 32 ಸೆಂಮೀ ಮಾತ್ರ.

ಆದ್ದರಿಂದ ಪ್ರತಿ ತುದಿಯಲ್ಲೂ ಈ ಮೂರು ನೋಡಿ. ಕಚ್ಚಿನ ತಳದ ಮಟ್ಟದಲ್ಲಿ ತೊಲೆಯ ಕೊನೆಯವರೆಗೆ ಸಾಗುವ ಬಿರುಕು ಇದೆಯೇ. ರಾಫ್ಟರ್‌ನ ಕಾಲಿನ ಹಿಂದೆ ಸಂದು ಬಿಟ್ಟಿದೆಯೇ, ಅಂದರೆ ಕಾಲು ಮುಂದಕ್ಕೆ ಜಾರಿದೆಯೇ. ಹಳೇ ಬಣ್ಣದ ಗೆರೆ, ಧೂಳಿನ ಗೆರೆ ಇದನ್ನು ಚೆನ್ನಾಗಿ ತೋರಿಸುತ್ತವೆ. ಬೋಲ್ಟ್ ಅಥವಾ ಪಟ್ಟಿ ಇದ್ದರೆ ಅದು ಓರೆಯಾಗಿದೆಯೇ, ಮರದೊಳಗೆ ಹೂತು ಹೋಗಿದೆಯೇ. ಕಬ್ಬಿಣದ ಸುತ್ತ ಕಪ್ಪು ಕಲೆ ಕಂಡರೆ ತೇವ ಸೇರಿ ಬೋಲ್ಟೂ ಸವೆಯುತ್ತಿದೆ, ಮರವೂ ಸೊರಗುತ್ತಿದೆ. ಒಂದು ಬೋಲ್ಟ್ ಬಿಚ್ಚಿ ನಡುವಿನ ದಪ್ಪ ಅಳೆಯಿರಿ, ಆದರೆ ಅಡಿಯಲ್ಲಿ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಟ್ಟ ಮೇಲೆ ಮಾತ್ರ.

ಎರಡನೆಯ ಮುಖ್ಯ ಜೋಡಣೆ ಕಿಂಗ್ ಪೋಸ್ಟಿನ ಬುಡ. ಅಲ್ಲಿ ಅಡ್ಡತೊಲೆಯನ್ನು ಸುತ್ತಿ ಹಿಡಿದ ಯು ಆಕಾರದ ಕಬ್ಬಿಣದ ಪಟ್ಟಿ, ಬಿಗಿಯಲು ಕಬ್ಬಿಣದ ಬೆಣೆ ಇರುತ್ತವೆ. ಮರ ಒಣಗಿ ಕುಗ್ಗಿದಾಗ ಬೆಣೆ ಸಡಿಲವಾಗುತ್ತದೆ. ಪಟ್ಟಿಗೂ ತೊಲೆಯ ಕೆಳಮುಖಕ್ಕೂ ನಡುವೆ ತೆಳು ಲೋಹದ ಪಟ್ಟಿ ತೂರಿಸಿ ನೋಡಿ. ಸರಾಗವಾಗಿ ತೂರಿದರೆ ಅಡ್ಡತೊಲೆ ಯಾರ ಆಸರೆಯೂ ಇಲ್ಲದೆ ಗೋಡೆಯಿಂದ ಗೋಡೆಗೆ ಒಂಟಿಯಾಗಿ ನಿಂತಿದೆ.

ಸೀಲಿಂಗ್ ತೂಗಿಸುವವರಿಗೆ ಇದು ಬಹಳ ಮುಖ್ಯ. ಮೇಲಿನ ಟ್ರಸ್ಸಿಗೇ 15 ಕೆಜಿಯ ಸೀಲಿಂಗ್ ತೂಗಿಸಿದರೆ ಅಡ್ಡತೊಲೆಗೆ ಮೀಟರಿಗೆ 45 ಕೆಜಿ. ಪಟ್ಟಿ ಬಿಗಿಯಾಗಿದ್ದರೆ ತೊಲೆ 4 ಮೀಟರಿನ ಎರಡು ಅಂಕಣಗಳಾಗಿ ಕೆಲಸ ಮಾಡುತ್ತದೆ, ಈ ಭಾರದಿಂದ ಬರುವ ಬಾಗು ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 13.5 ಕೆಜಿ. ಪಟ್ಟಿ ಸಡಿಲವಿದ್ದರೆ ಪೂರ್ತಿ 8 ಮೀಟರ್, ಒತ್ತಡ ನಾಲ್ಕು ಪಟ್ಟು, ಅಂದರೆ 54. ಸೀಲಿಂಗಿನಿಂದಷ್ಟೇ ನಡುವೆ ಸುಮಾರು 35 ಮಿಮೀ ಇಳಿಯುತ್ತದೆ, ಕಾಲಕ್ರಮೇಣ ಅದರ ಎರಡರಷ್ಟು. ಹೊಸ ಸೀಲಿಂಗ್ ಹಾಕಿದ ಎರಡೇ ವರ್ಷದಲ್ಲಿ ಬೋರ್ಡಿನ ಸಂದು ಬಿರುಕು ಬಿಟ್ಟರೆ ಸೀಲಿಂಗ್ ಕೆಲಸದವರನ್ನು ದೂರುವ ಮೊದಲು ಈ ಬೆಣೆಯನ್ನು ನೋಡಬೇಕು. ಆದರೆ ಇಳಿದ ತೊಲೆಯನ್ನು ಒಂದೇ ದಿನ ಬೆಣೆ ಹೊಡೆದು ಎತ್ತಲು ಹೋಗಬೇಡಿ. ಕೆಳಗಿಂದ ಜಾಕ್ ಕೊಟ್ಟು ದಿನಕ್ಕೆ ಎರಡು ಮೂರು ಮಿಮೀ ಎತ್ತಿ, ಹಿಂದೆಯೇ ಬೆಣೆ ಬಿಗಿಯುತ್ತಾ ಬನ್ನಿ. ಹಳೇ ಬಾಗು ಪೂರ್ತಿ ನೇರವಾಗಬೇಕೆಂಬ ಹಟ ಬೇಡ.

ಹಿಂದಿನವರು ಮಾಡಿದ ಬದಲಾವಣೆಗಳು

ಅಟ್ಟಕ್ಕೆ ದಾರಿ ಮಾಡಲು ಸ್ಟ್ರಟ್ ಕತ್ತರಿಸಿರುವುದು, ಪೈಪು ಹಾಯಿಸಲು ತೊಲೆಯ ಮೇಲಂಚು ಕೊರೆದಿರುವುದು, ಫ್ಯಾನಿನ ಕೊಂಡಿಗೆ ತೊಲೆಯ ನಡುವೆ ದಪ್ಪ ತೂತು ಹಾಕಿರುವುದು, ಹಳೇ ಹೊದಿಕೆ ತೆಗೆಯದೆ ಅದರ ಮೇಲೇ ಇನ್ನೊಂದು ಹಾಕಿರುವುದು, ಇವೆಲ್ಲ ಸಾಮಾನ್ಯ. ಪ್ರತಿಯೊಂದನ್ನೂ ನಕ್ಷೆಯಲ್ಲಿ ಗುರುತಿಸಿ. ಮರದ ಮೇಲೆ ಖಾಲಿ ಕಚ್ಚು, ಒಂಟಿ ಗೂಟದ ತೂತು ಕಂಡರೆ ಅಲ್ಲಿಂದ ಏನೋ ಕಳಚಿದೆ. ಕೆಲವೊಮ್ಮೆ ಅದು ಬೇರೆ ಕಟ್ಟಡದಿಂದ ತಂದ ಮರ ಇರಬಹುದು, ಆದರೆ ಪಕ್ಕದ ಟ್ರಸ್ಸಿನಲ್ಲೂ ಅದೇ ಜಾಗದಲ್ಲಿ ಕಚ್ಚಿದ್ದು ಅಲ್ಲಿ ಮರವೂ ಇದ್ದರೆ ಇಲ್ಲಿಂದ ಮರ ಕಳಚಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಈ ಕೆಳಗಿನ ಯಾವುದಾದರೂ ಒಂದು ಕಂಡರೆ ಹೊಸ ಭಾರದ ಮಾತು ಅಲ್ಲಿಗೇ ನಿಲ್ಲಿಸಿ, ಪ್ರಾಪ್ ಕೊಟ್ಟು ಇಂಜಿನಿಯರನ್ನು ಕರೆಸಿ:
- ಜಾರಿದ ರಾಫ್ಟರ್ ಕಾಲು ಅಥವಾ ಕಚ್ಚಿನ ಹಿಂದೆ ತಾಜಾ ಬಿರುಕು
- ಗೋಡೆಯ ಮೇಲೆ ಕೂತ ಭಾಗ ದಬ್ಬಣಕ್ಕೆ ಮೆತ್ತಗಾಗಿರುವುದು
- ಕತ್ತರಿಸಿದ ಅಡ್ಡತೊಲೆ ಅಥವಾ ಸ್ಟ್ರಟ್
- ನಾರಿಗೆ ಅಡ್ಡಲಾಗಿ ಸೀಳಿದ ತೊಲೆ

ಭಾರ ತಡೆಯದು ಎಂದು ಗೊತ್ತಾದರೆ

ದಾರಿಗಳಿವೆ. ಕೊಳೆತ ತುದಿಯನ್ನು ಕತ್ತರಿಸಿ ಅದೇ ಜಾತಿಯ ಒಣಮರವನ್ನು ಓರೆ ಜೋಡಣೆಯಲ್ಲಿ ಸೇರಿಸಿ ಬೋಲ್ಟ್ ಹಾಕಬಹುದು. ಕಚ್ಚಿನ ಶಿಯರ್ ಕಡಿಮೆಯಿದ್ದರೆ ರಾಫ್ಟರ್ ಕಾಲನ್ನೂ ಅಡ್ಡತೊಲೆಯನ್ನೂ ಎರಡು ಬದಿಯಿಂದ ಸ್ಟೀಲ್ ಪ್ಲೇಟ್‌ಗಳಲ್ಲಿ ಹಿಡಿಸಬಹುದು, ಅಥವಾ ಎರಡೂ ತುದಿಗಳ ರಾಫ್ಟರ್ ಕಾಲುಗಳನ್ನು ಸ್ಟೀಲ್ ಸರಳಿನಿಂದ ನೇರ ಎಳೆದು ಕಟ್ಟಬಹುದು. ತೆಳುವಾದ ರಾಫ್ಟರ್ ಪಕ್ಕದಲ್ಲಿ ಹೊಸದನ್ನು ಜೋಡಿಸುವಾಗ ಬರೀ ಮೊಳೆ ಸಾಲದು, ಹೊಸ ಮರ ಎರಡು ತುದಿಯಲ್ಲೂ ಆಸರೆಯ ಮೇಲೆ ಕೂರಬೇಕು. ಎಪಾಕ್ಸಿ ತುಂಬಿ ಮುಚ್ಚುವುದು ಸುಲಭ ಎನಿಸುತ್ತದೆ, ಆದರೆ ತೇವ ಇನ್ನೂ ಆರದ ಮರದಲ್ಲಿ ಅದನ್ನು ತುಂಬಿದರೆ ಸುತ್ತಲಿನ ಕೊಳೆತ ಒಳಗೇ ಮುಂದುವರಿಯುತ್ತದೆ.

ಸೀಲಿಂಗ್ ಮತ್ತು ಅಟ್ಟಕ್ಕೆ ನಮ್ಮ ಸಲಹೆ ಬೇರೆಯೇ. ಗೋಡೆಯಿಂದ ಗೋಡೆಗೆ ಸ್ವತಂತ್ರ ಸ್ಟೀಲ್ ಜಾಯಿಸ್ಟ್ (ಉಕ್ಕಿನ ತೊಲೆ) ಹಾಕಿ ಅದಕ್ಕೆ ಕಟ್ಟಿ, ಟ್ರಸ್ಸನ್ನು ಮುಟ್ಟಲೇಬೇಡಿ. ಅಡ್ಡತೊಲೆಗೂ ಹೊಸ ಜಾಯಿಸ್ಟಿಗೂ ನಡುವೆ ಕನಿಷ್ಠ 50 ಮಿಮೀ ಸಂದು ಬಿಡಿ, ತೊಲೆ ಮುಂದೆ ಇಳಿದರೂ ಅದರ ಮೇಲೆ ಕೂರಬಾರದು. ಪ್ಯಾನೆಲ್ ಹಾಕುವುದಾದರೆ ರೈಲುಗಳ ಕಾಲು ಆದಷ್ಟೂ ಪರ್ಲಿನ್‌ಗಳ ಮೇಲೆ, ಟ್ರಸ್ಸಿನ ಹತ್ತಿರ ಬರಲಿ, ರೀಪಿನ ಮೇಲೆ ಬೇಡ. ಕೆಲಸದ ದಿನ ಹತ್ತು ಪ್ಯಾನೆಲ್ ಒಂದೇ ಕಡೆ ಒಟ್ಟಿದರೆ 200 ಕೆಜಿ ದಾಟುತ್ತದೆ, ಅದರ ಪಕ್ಕದಲ್ಲೇ ಮೂವರು ನಿಂತಿರುತ್ತಾರೆ. ಒಂದೊಂದನ್ನೇ ಮೇಲಕ್ಕೆ ತಂದು ಕೂರಿಸಬೇಕು.

ಭಾರ ಇಳಿಸಲು ಹೆಂಚು ತೆಗೆದು ಲೋಹದ ಶೀಟು ಹಾಕುವವರೂ ಇದ್ದಾರೆ. ಚದರ ಮೀಟರಿಗೆ 50 ಕೆಜಿ ಇದ್ದದ್ದು 5 ಕೆಜಿಗೆ ಇಳಿಯುತ್ತದೆ. ಟ್ರಸ್ಸಿಗೆ ಹಗುರವೇನೋ ಆಯಿತು, ಆದರೆ ಅಲ್ಲಿಯವರೆಗೆ ಚಾವಣಿಯನ್ನು ಗಾಳಿಗೆ ಹಾರದಂತೆ ಹಿಡಿದಿದ್ದದ್ದೇ ಹೆಂಚಿನ ತೂಕ. ಶೀಟು ಹಾಕುವ ಮೊದಲು ಪರ್ಲಿನ್ ರಾಫ್ಟರ್‌ಗೆ, ರಾಫ್ಟರ್ ಅಡ್ಡತೊಲೆಗೆ, ಅಡ್ಡತೊಲೆ ಗೋಡೆಯೊಳಗೆ ಸಾಕಷ್ಟು ಆಳಕ್ಕೆ ಸ್ಟೀಲ್ ಪಟ್ಟಿಯಲ್ಲಿ ಕಟ್ಟಿದೆಯೇ ನೋಡಿ. ಶೀಟಿನ ಮೇಲೆ ಪ್ಯಾನೆಲ್ ಬಂದರೆ ಅದರ ಅಡಿಗೂ ಗಾಳಿ ನುಗ್ಗುತ್ತದೆ, ಆಗ ಈ ಕಟ್ಟು ಇನ್ನೂ ಮುಖ್ಯ.

ಇಂಜಿನಿಯರ್‌ಗೆ ಏನು ಕೊಡಬೇಕು

ಸಂಖ್ಯೆ ಹಾಕಿದ ನಕ್ಷೆ, ಟೇಪಿನ ಅಳತೆ ಮತ್ತು ಗಟ್ಟಿ ಮರದ ಅಳತೆ, ಪ್ರತಿ ಜೋಡಣೆಯ ಹತ್ತಿರದ ಫೋಟೋ (ಪಕ್ಕದಲ್ಲಿ ಸ್ಕೇಲ್ ಇಟ್ಟು), ತೇವದ ಓದುಗಳು, ಇಳಿತದ ಪಟ್ಟಿ, ಹೊಸ ಭಾರದ ತೂಕ ಮತ್ತು ಜಾಗ. ಮರದ ಜಾತಿ ಗೊತ್ತಿಲ್ಲದಿದ್ದರೆ ಒಂದು ಸಣ್ಣ ಚೂರು ಕೊಡಿ, ನಾರು ನೋಡಿ ಗುರುತಿಸುವ ಪ್ರಯೋಗಾಲಯಗಳಿವೆ. ಜಾತಿ ತಿಳಿಯದೆ ಅನುಮತಿಸುವ ಬಲವನ್ನು ಊಹಿಸಿದರೆ ಅಂಕಿ ಎರಡು ಪಟ್ಟು ತಪ್ಪಬಹುದು. ಲೆಕ್ಕ ಗಡಿಯಲ್ಲಿ ನಿಂತರೆ ಅವರು ನೀರಿನ ಡ್ರಮ್ಮುಗಳನ್ನು ಹಂತ ಹಂತವಾಗಿ ತುಂಬಿ ಭಾರದ ಪರೀಕ್ಷೆ ಮಾಡಿಸಬಹುದು. ತೊಲೆಯ ಕೆಳಗೆ 25 ಮಿಮೀ ಸಂದು ಬಿಟ್ಟು ಪ್ರಾಪ್ ನಿಲ್ಲಿಸಿ, ಭಾರವನ್ನು 24 ಗಂಟೆ ಬಿಟ್ಟು, ನೀರು ಖಾಲಿ ಮಾಡಿದ ಮೇಲೆ ತೊಲೆ ಎಷ್ಟು ಹಿಂದಿರುಗಿತು ಎಂದು ಅಳೆಯುತ್ತಾರೆ. ಕೊಳೆತ ಕಂಡ ಟ್ರಸ್ಸಿನ ಮೇಲೆ ಈ ಪರೀಕ್ಷೆ ಮಾಡುವ ಹಾಗಿಲ್ಲ.

ಒಪ್ಪಿಗೆ ಸಿಕ್ಕಿ ಭಾರ ಹೇರುವ ದಿನ, ಹೇರುವ ಮೊದಲು ಪ್ರತಿ ಅಡ್ಡತೊಲೆಯ ನಡುವಿನಿಂದ ನೆಲದ ಒಂದು ಖಾಯಂ ಗುರುತಿಗೆ ಅಳತೆ ತೆಗೆಯಿರಿ. ರಾಫ್ಟರ್ ಕಾಲಿನಿಂದ ಅಡ್ಡತೊಲೆಗೆ ಅಡ್ಡಲಾಗಿ ತೆಳುವಾದ ಪೆನ್ಸಿಲ್ ಗೆರೆ ಎಳೆದಿಡಿ. ಭಾರ ಬಂದ ಸಂಜೆ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಅಳೆಯಿರಿ. ಮೊದಲ ತಿಂಗಳುಗಳಲ್ಲಿ ಸ್ವಲ್ಪ ಇಳಿದು ವೇಗ ಕಡಿಮೆಯಾಗುತ್ತಾ ಹೋಗುವುದು ಮರದ ಸಹಜ ನಡೆ. ಪ್ರತಿ ಅಳತೆಗೂ ಅದೇ ವೇಗದಲ್ಲಿ ಇಳಿಯುತ್ತಿದ್ದರೆ, ಅಥವಾ ಪೆನ್ಸಿಲ್ ಗೆರೆ ಒಂದು ಮಿಮೀ ತಪ್ಪಿದರೂ, ಭಾರ ಇಳಿಸಿ ಪ್ರಾಪ್ ಕೊಡಿ.